ನಾಲ್ಕನೇ ಸೀಸೆ

ಶಿಕಾರಿಪುರ
೧೮-೨-೧೯೯೬

ಚಿ. ಸೌ. ಚೈತ್ರಶ್ರೀಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾದದ್ದಕ್ಕೆ ಅಂಚೆಯವರನ್ನು ದೂರುವ ಹಾಗಿಲ್ಲ. ಮೂರು ಸಲ ಬರೆದು ಹರಿದೆ. ನಾನು ಆರೋಗ್ಯವಾಗಿದ್ದೇನೆ. ಅಂಜನಾಪುರದ ನಾಲೆಗೆ ನೀರು ಬಿಟ್ಟಿದ್ದಾರೆ. ಮೊನ್ನೆ ನಿಮ್ಮವ್ವ ಹೋಗಿ ವರ್ಷ ತುಂಬಿದ ಪೂಜೆ ಮುಗಿಯಿತು.

ನಾನು ಕಳಿಸಿದ ನಾಲ್ಕು ಸೀಸೆ ಬೆಲ್ಲದಲ್ಲಿ ಒಂದನೆಯದು ಸುಮ್ಮನಿತ್ತು, ಎರಡು ಮತ್ತು ಮೂರು ಮಂಕಾಗಿ ಹೊಳೆದವು, ನಾಲ್ಕನೆಯದು ನೀಲಿಯಾಗಿ ಉರಿಯಿತು ಎಂದು ಬರೆದಿದ್ದೀಯ. ನಿನ್ನ ಪ್ರಯೋಗಾಲಯದ ಆ ದ್ರಾವಣ, ಬೆಲ್ಲ ಹಳದಿ ಮಾಡುವ ಹೈಡ್ರೋಸ್ ಪುಡಿ ಉಳಿಸಿಹೋಗುವ ಸಲ್ಫೈಟ್ ಸಿಕ್ಕರೆ ಮಾತ್ರ ನೇರಳಾತೀತ ದೀಪದ ಕೆಳಗೆ ಬೆಳಗುತ್ತದೆ ಎಂಬುದನ್ನು ನಾನು ಸುಲಭವಾಗಿ ನಂಬಲಿಲ್ಲ. ಬೆಲ್ಲವೇ ಯಾಕೆ ತಾನಾಗಿ ಹೊಳೆಯಬಾರದು? ಆದರೆ ದ್ರಾವಣ ಹಾಕದೆ ನೋಡಿದಾಗ ನಾಲ್ಕೂ ಹೊಳೆಯಲಿಲ್ಲ ಎಂದೂ ಬರೆದಿದ್ದೀಯ. ಅಲ್ಲಿಗೆ ನಂಬಿದೆ.

ಸೀಸೆಗಳ ಮೇಲೆ ಹೆಸರಿಲ್ಲದೆ ಬರೀ ಅಂಕಿ ಬರೆದದ್ದು ನಿನ್ನ ಮೇಲೂ ಸಂಶಯವಿದ್ದುದರಿಂದ. ನಿಮ್ಮವ್ವನ ಉಬ್ಬಸ ಹೆಚ್ಚಿಸಿದ್ದು ಸಂತೆಯ ಬೆಲ್ಲವೇ ಎಂದು ನಾನು ಹೇಳುತ್ತಲೇ ಬಂದಿದ್ದೆ. ಹೆಸರು ಕಂಡರೆ ಅಪ್ಪನಿಗೆ ಬೇಕಾದ ಉತ್ತರ ಬರೆದೀಯೆ ಎಂದು ಹೆದರಿದೆ. ಅರವತ್ತೇಳರಲ್ಲಿ ರೇಷನ್ ಸಕ್ಕರೆಗೆ ರವೆ ಬೆರೆಸಿದ ಧರ್ಮಪ್ಪ ಮರುವರ್ಷವೇ ಸನ್ಮಾನದ ಶಾಲು ಹೊದ್ದು ಕೂತದ್ದನ್ನು ಕಂಡವನು ನಾನು. ಊರು ಮರೆತಿದೆ, ನಾನು ಮರೆತಿಲ್ಲ.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಎರಡು ಮತ್ತು ಮೂರನೆಯ ಸೀಸೆಯ ಸಂತೆ ಬೆಲ್ಲ ಮಾಡಿದ ಉಜ್ಜಪ್ಪನ ಆಲೆಮನೆಗೆ ಹೋದೆ.

“ಏನ್ ಮೇಷ್ಟ್ರೇ, ರಿಟೈರ್ ಆದ್ಮೇಲೆ ಬೆಲ್ಲಕ್ಕೂ ಪರೀಕ್ಷೆ ಇಟ್ಟೀರಂತೆ! ನಮ್ಮದು ಪಾಸಾತೇನ್ರೀ?” ಎಂದು ಉಜ್ಜಪ್ಪ ನಕ್ಕ.

“ಆ ಹೈಡ್ರೋಸ್ ಪುಡಿ ಬಟ್ಟೆ ಬಣ್ಣ ತೆಗೆಯೋದಪ್ಪಾ. ಜನ ತಿನ್ನೋದಲ್ಲ” ಎಂದೆ.

“ಕಪ್ಪು ಬೆಲ್ಲ ಇಟ್ರೆ ಸಂತೇಲಿ ನೊಣನೂ ಕೂರಂಗಿಲ್ರೀ. ಹಳದಿ ಕೇಳೋರು ನೀವು, ಬೈಸ್ಕೊಳ್ಳೋನು ನಾನಾ?”

ಪಾಕ ಕಾಯಿಸುವ ಗುಲಾಬ್ ಸಾಬರು ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಹೇಳಿದರು: “ನಾನು ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೀತೀನಿ ಮೇಷ್ಟ್ರೇ. ನಮ್ಮಪ್ಪನೂ ಅಷ್ಟೇ ಮಾಡ್ತಿದ್ದ. ಬಣ್ಣ ಬೇಕು ಅಂದೋರ ಪಾಕಕ್ಕೆ ಮಾತ್ರ ಪುಡಿ. ಯಾರ್ಯಾರು ಕೇಳಿದ್ರು ಅಂತ ನೆನಪೈತಿ. ಹೇಳ್ಲಾ?”

ನಾನು ಬೇಡವೆಂದೆ.

“ಈಗ ಯಾಕ್ರೀ ಬೇಡ? ಇಷ್ಟೊತ್ತು ವಕೀಲರ ಥರ ಕೂಗಿದ್ರಲ್ಲ!” ಎಂದು ಉಜ್ಜಪ್ಪ ಬೆನ್ನ ಹಿಂದೆ ಕೂಗಿದ. ತಿರುಗಿ ನೋಡದೆ ಬಂದೆ.

ಆರೋಗ್ಯ ಇಲಾಖೆಗೆ ಕೊಡಲು ನೀನು ಹೇಳಿದ ದೂರು ಬರೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ಅಳಿಯಂದಿರಿಗೆ ನನ್ನ ನೆನಪು ಹೇಳು. ಆ ದೀಪವನ್ನು ಬರಿಗಣ್ಣಿನಿಂದ ನೋಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ, ನಿನ್ನ ಉಸಿರು ಸದಾ ಹಗುರವಾಗಿರಲಿ.

ನಿನ್ನ ಅಪ್ಪ
ಮಹೇಶ್ವರಪ್ಪ

ಮರೆತ ಮಾತು: ನಾಲ್ಕನೇ ಸೀಸೆ ಯಾರದು ಎಂದು ಕೇಳಿದ್ದೀಯ. ಮರೆತ ಮಾತು ಎಂದು ಬರೆದೆನಾದರೂ ಮರೆತಿರಲಿಲ್ಲ. ಅದು ನಮ್ಮ ಅಡುಗೆಮನೆಯ ಡಬ್ಬಿಯದು. ಶುದ್ಧ ಬೆಲ್ಲ ಹೇಗಿರುತ್ತದೆಂದು ತೋರಿಸಲು ಕಳಿಸಿದ್ದೆ. ನಿನ್ನ ನಿಶ್ಚಿತಾರ್ಥಕ್ಕೆ ಬಂದ ಬೀಗರ ಮುಂದೆ ಬೆಲ್ಲ-ನೀರು ಇಡಲು ನಮ್ಮ ಕಬ್ಬಿನಲ್ಲೇ ಮಾಡಿಸಿದ್ದು. “ಚಿನ್ನದ ಬಣ್ಣ ಬರಬೇಕು ಸಾಬ್ರೇ” ಎಂದವನು ನಾನೇ. ಹೇಗೆ ಬರುತ್ತದೆಂದು ಕೇಳಲಿಲ್ಲ. ಉಳಿದದ್ದರಲ್ಲಿ ಆ ಚಳಿಗಾಲವೆಲ್ಲ ನಿಮ್ಮವ್ವನಿಗೆ ಶುಂಠಿ ಕಷಾಯ ಕಾಯಿಸಿ ಕೊಟ್ಟೆ. “ಕುಡಿದ ಮೇಲೇ ಉಬ್ಬಸ ಹೆಚ್ಚಾಗ್ತದ್ರೀ, ಕಪ್ಪು ಬೆಲ್ಲ ಹಾಕ್ರಿ” ಎಂದಳು. ಅದು ದನಕ್ಕೆ ಹಾಕೋದು ಎಂದು ನಕ್ಕು, ಇನ್ನೊಂದು ಹಳದಿ ಅಚ್ಚು ಕುಟ್ಟಿದೆ.

ಒಂದನೆಯ ಸೀಸೆಯದು ಅವಳು ಸೊರಬದ ತವರಿನಿಂದ ತಂದು ಗಡಿಗೆಯಲ್ಲಿಟ್ಟಿದ್ದ ಕಪ್ಪು ಬೆಲ್ಲ. ಗಡಿಗೆ ಇನ್ನೂ ಅರ್ಧ ತುಂಬಿದೆ.