ಹೊಸ ಸ್ಟೇಡಿಯಮ್ಮಿನ ನಡುಗೇಟು

ಕ್ರೀಡಾಂಗಣ ನಿರ್ಮಾಣ ಸಮಿತಿಯ ಅಧ್ಯಕ್ಷರಾಗಿ ನಮ್ಮೆಲ್ಲರ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯರೇ,

ಹಿಂದೂಪುರದ ಹೊಸ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ, ಪೂರ್ವದ ಗ್ಯಾಲರಿಯ ಕೆಳಗಿನ ಓಣಿಯ ನಟ್ಟನಡುವೆ ತಾವು ನಿಲ್ಲಿಸಿರುವ ಕಬ್ಬಿಣದ ಗೇಟನ್ನು ಕಿತ್ತುಹಾಕಿಸಿ. ನನ್ನ ದೂರು ಇಷ್ಟೇ, ಬೇಡಿಕೆಯೂ ಇಷ್ಟೇ. ಇಷ್ಟನ್ನೇ ಹೇಳಿದರೆ ತಮ್ಮ ಕಚೇರಿಯಲ್ಲಿ ಅದಕ್ಕೊಂದು ನಂಬರು ಕೊಟ್ಟು ಫೈಲಿನೊಳಗೆ ಮಲಗಿಸುತ್ತಾರೆ. ಆ ಅನುಭವ ನನಗೆ ಮೂರು ಸಲ ಆಗಿದೆ. ತೆಲುಗಿನಲ್ಲಿ ಎರಡು ಅರ್ಜಿ ಕೊಟ್ಟೆ, ಒಬ್ಬರ ಕೈಕಾಲು ಹಿಡಿದು ಇಂಗ್ಲಿಷಿನಲ್ಲಿ ಒಂದು ಬರೆಸಿದೆ. ಮೂರಕ್ಕೂ ತಮ್ಮ ಗುಮಾಸ್ತರು ಒಂದೇ ಮಾತು ಹೇಳಿದರು: 'ಅಂತಾ ಪ್ಲಾನ್ ಪ್ರಕಾರಮೇ ಉಂದಿ.' ಎಲ್ಲವೂ ಪ್ಲಾನಿನಂತೆಯೇ ಇದೆಯಂತೆ. ಆದ್ದರಿಂದ ಈ ನಾಲ್ಕನೆಯದನ್ನು ನಾನು ಮನೆಯಲ್ಲಿ ಬೈಯುವ ಭಾಷೆಯಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ತಾವು ಈ ಊರಿಗೆ ಹೊಸಬರು. ನಮ್ಮ ಹಳೇ ಮೈದಾನ ನೋಡಿದವರಲ್ಲ, ಅದು ತಮ್ಮ ತಪ್ಪಲ್ಲ. ಅಲ್ಲಿ ಗ್ಯಾಲರಿ ಇರಲಿಲ್ಲ, ಕುರ್ಚಿ ಇರಲಿಲ್ಲ, ಗೋಡೆಯಂತೂ ಇರಲೇ ಇಲ್ಲ. ಒಂದು ಮಗ್ಗುಲಿಗೆ ಕೆರೆ ಏರಿ, ಇನ್ನೊಂದು ಮಗ್ಗುಲಿಗೆ ಜಾಲಿಮುಳ್ಳು ತುಂಬಿದ ಹಳ್ಳ. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಪ್ರತಿ ವರ್ಷ ಪಂದ್ಯ ನಡೆಯುತ್ತದೆ. ನಮ್ಮ ತಂಡ ಯಾವ ಗೋಲಿಗೆ ಹೊಡೆಯಬೇಕೋ ಆ ಗೋಲಿನ ಹಿಂದೆ ನಾವು ಕೂರುತ್ತೇವೆ, ಅವರು ಹೊಡೆಯಬೇಕಾದ ಗೋಲಿನ ಹಿಂದೆ ಅವರು. ಚೆಂಡು ಬಲೆಗೆ ಬೀಳುವುದನ್ನು ಹತ್ತಿರದಿಂದ ನೋಡದೆ ಇನ್ನು ಯಾತಕ್ಕೆ ಬರುವುದು? ಅರ್ಧ ಆಟ ಮುಗಿದ ಮೇಲೆ ತಂಡಗಳು ಕಡೆ ಬದಲಾಯಿಸುತ್ತವೆ. ಆಗ ನಾವೂ ಬದಲಾಯಿಸುತ್ತೇವೆ. ಹಳ್ಳದ ಕಡೆ ಮುಳ್ಳು, ಹಾಗಾಗಿ ಎರಡು ಊರಿನವರಿಗೂ ಏರಿ ಮಗ್ಗುಲ ದಾರಿಯೊಂದೇ. ಇಡೀ ಕಲ್ಯಾಣದುರ್ಗ ಆ ಕಡೆಯಿಂದ, ಇಡೀ ಹಿಂದೂಪುರ ಈ ಕಡೆಯಿಂದ, ಎಡಕ್ಕೆ ಸರಿದು ಒಬ್ಬರನ್ನೊಬ್ಬರು ದಾಟಿಕೊಂಡು ಹೋಗುತ್ತೇವೆ. ಹಾಗೆ ದಾಟುವಾಗ ಕಿಚಾಯಿಸುವುದೆಷ್ಟು, ಕ್ಷೇಮ ಕೇಳುವುದೆಷ್ಟು, ಆ ಹತ್ತು ನಿಮಿಷದಲ್ಲಿ ಹೆಣ್ಣು ನೋಡಿ ಮಾತು ಮುಗಿಸಿದವರೂ ಇದ್ದಾರೆ. ನಮ್ಮ ಪೈಕಿ ಯಾರಿಗೂ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಸೀಟಿ ಊದಿದ ಕೂಡಲೇ ಕಾಲು ತಾನಾಗಿ ಏಳುತ್ತದೆ.

ನನ್ನ ಅಕ್ಕ ಕದಿರಮ್ಮನನ್ನು ಬೆಳುಗುಪ್ಪಕ್ಕೆ ಕೊಟ್ಟಿದ್ದೇವೆ. ಬೆಳುಗುಪ್ಪದವರೆಂದರೆ ಫುಟ್‌ಬಾಲಿನ ಮಟ್ಟಿಗೆ ಕಲ್ಯಾಣದುರ್ಗದವರೇ, ಹಾಗಾಗಿ ತಾಳಿ ಕಟ್ಟಿಸಿಕೊಂಡ ದಿನವೇ ಅಕ್ಕ ಎದುರುಪಾರ್ಟಿ ಆದಳು. ಭಾವ ದಾಸಣ್ಣನವರು ಇಪ್ಪತ್ತಾರು ವರ್ಷದಿಂದ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ. ಕಾರಣ ಕೇಳಿದರೆ ತಾವು ನಗಬಹುದು. ಒಂದು ಪಂದ್ಯದಲ್ಲಿ ಗೆರೆಯ ಪಕ್ಕ ಬಾವುಟ ಹಿಡಿದು ನಿಂತಿದ್ದವನು ನಾನು. ಅವರೂರಿನವರು ಹೊಡೆದ ಗೋಲಿಗೆ ಆಫ್‌ಸೈಡ್ ಎಂದು ಬಾವುಟ ಎತ್ತಿದೆ. ಗೋಲು ಹೋಯಿತು, ಪಂದ್ಯ ಹೋಯಿತು, ಸಂಬಂಧವೂ ಹೋಯಿತು. ಅಂದಿನಿಂದ ಅಕ್ಕನಿಗೂ ತವರಿಗೆ ಬರಲು ಆಗಿಲ್ಲ. ಆದರೆ ಪಂದ್ಯಕ್ಕೆ ಬರಬೇಡ ಎನ್ನಲು ಭಾವನಿಗೂ ಬಾಯಿಲ್ಲ, ಅವರೇ ಮುಂದೆ ನಿಂತು ಲಾರಿ ಹತ್ತಿಸುವವರು. ಹಾಗಾಗಿ ವರ್ಷಕ್ಕೊಮ್ಮೆ, ಆ ಏರಿ ಮಗ್ಗುಲ ದಾರಿಯಲ್ಲಿ, ನಡುಗೆರೆಯ ನೇರಕ್ಕೆ ಅಕ್ಕ ನನಗೆ ಸಿಗುತ್ತಾಳೆ. ಬೇಯಿಸಿದ ಕಡಲೆಕಾಯಿಯ ಗಂಟನ್ನು ನನ್ನ ಕೈಗಿಡುತ್ತಾಳೆ. ನಾನು ಮಗ್ಗದವನು, ಸೀರೆ ನೇಯ್ದು ಉಳಿದ ನೂಲಲ್ಲಿ ನೇಯ್ದ ಒಂದು ರವಿಕೆ ತುಂಡು ಕೊಡುತ್ತೇನೆ. ಭಾವ ನಾಲ್ಕು ಹೆಜ್ಜೆ ಮುಂದೆ ಹೋಗಿ, ಕೆರೆ ನೋಡುತ್ತ ನಿಲ್ಲುತ್ತಾರೆ. ಕೆರೆಯಲ್ಲಿ ನೀರು ಇರಲಿ ಬಿಡಲಿ, ಅವರು ನೋಡುತ್ತಾರೆ.

ಈಗ ತಮ್ಮ ಸ್ಟೇಡಿಯಮ್ಮಿನ ವಿಷಯಕ್ಕೆ ಬರುತ್ತೇನೆ. ಕಟ್ಟಡ ಮುಕ್ಕಾಲು ಎದ್ದ ಮೇಲೆ ತಮಗೆ ಅಭಿಮಾನಿಗಳ ನೆನಪಾಯಿತು. 'ಅಭಿಪ್ರಾಯ ಸಂಗ್ರಹ' ಎಂದು ನಲವತ್ತು ಜನರನ್ನು ಕರೆದು ಉಪ್ಪಿಟ್ಟು, ಕಾಫಿ ಕೊಟ್ಟಿರಿ. ಉಪ್ಪಿಟ್ಟು ಚೆನ್ನಾಗಿತ್ತು, ಇಲ್ಲ ಎನ್ನಲಾರೆ. ಮುಂಬಾಗಿಲ ಗ್ಯಾಲರಿಯಲ್ಲಿ ಲೇಪಾಕ್ಷಿಯ ತೂಗುಕಂಬದ ನೆನಪಿಗೆಂದು ಸೂರಿನಿಂದ ಇಳಿಬಿಟ್ಟಿರುವ ಆ ದಪ್ಪ ಕಾಂಕ್ರೀಟು ಕಂಬದ ಬಗ್ಗೆ ತಮ್ಮ ವಾಸ್ತುಶಿಲ್ಪಿಗಳು ಅರ್ಧ ಗಂಟೆ ಮಾತಾಡಿದರು. ದಿನಾ ಬಸ್ಸಿನಲ್ಲಿ ಲೇಪಾಕ್ಷಿಯಿಂದ ಬರುವ ಟೀಚರ್ ರೇವತಿ ಎದ್ದು ನಿಂತು, 'ಸಾರ್, ನಮ್ಮೂರ ಕಂಬ ನೆಲ ಮುಟ್ಟಲ್ಲ, ನಿಜ. ಆದ್ರೆ ಅದರ ಹಿಂದೆ ಯಾರೂ ಗೋಲ್ ಹೊಡೆಯಲ್ಲ' ಎಂದರು. ಅದನ್ನೂ ಬರೆದುಕೊಂಡಿರಿ. ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ ಎಂದವರ ಮಾತು ಬರೆದುಕೊಂಡಿರಿ. ಇಡೀ ಸ್ಟೇಡಿಯಮ್ಮಿಗೆ ಆ ತುದಿಗೊಂದು ಈ ತುದಿಗೊಂದು ಬಾಗಿಲು ಸಾಕೇ ಎಂದು ಕೇಳಿದವರದ್ದೂ ಬರೆದುಕೊಂಡಿರಿ. ಕೊನೆಗೆ ಸಹಿಗೆಂದು ನಮ್ಮ ಮುಂದೆ ಇಟ್ಟ ಹಾಳೆಯಲ್ಲಿ ಒಂದೇ ಪ್ರಶ್ನೆ ಇತ್ತು: ಕುರ್ಚಿಗಳ ಬಣ್ಣ ನೀಲಿಯೋ, ಹಸಿರೋ?

ಅಭಿಮಾನಿಗಳ ಸಂಘದ ಕಾರ್ಯದರ್ಶಿ ನಾನು. ನೀಲಿಗೆ ಗುರುತು ಹಾಕಿ ಸಹಿ ಮಾಡಿದೆ. ಅದಕ್ಕೂ ಮೊದಲು ಗೋಡೆಗೆ ಅಂಟಿಸಿದ್ದ ನಕ್ಷೆಯ ಮುಂದೆ ಹೋಗಿ ನಿಂತಿದ್ದೆ. ನಕ್ಷೆ ಓದುವುದು ನನಗೆ ಹೊಸತಲ್ಲ. ಡಿಸೈನಿನ ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ಸೆರಗಿನ ಹಂಸಕ್ಕೆ ಎರಡು ಕೊರಳು ಬರುತ್ತದೆ, ಅಂಥ ಕೆಲಸ ಮಾಡಿ ಕಣ್ಣು ಸವೆಸಿದವನು. ಗ್ಯಾಲರಿ ಕೆಳಗಿನ ಓಣಿಯ ಮಧ್ಯೆ ಒಂದು ಸಣ್ಣ ಗೆರೆ ಕಂಡಿತು. ಇದೇನು ಸಾರ್ ಎಂದು ತಮ್ಮ ಇಂಜಿನಿಯರನ್ನು ಕೇಳಿದೆ. 'ಗೇಟು' ಎಂದರು. ಗೇಟು ತಾನೇ, ತೆಗೆಯುತ್ತಾರೆ ಅಂದುಕೊಂಡು ಸುಮ್ಮನಾದೆ. ನನ್ನ ಜೀವಮಾನದಲ್ಲಿ ಅಷ್ಟು ದಡ್ಡತನದ ಕೆಲಸ ಬೇರೆ ಮಾಡಿಲ್ಲ. ಎರಡು ಊರಿನ ಜನ ಒಬ್ಬರ ಕಡೆ ಒಬ್ಬರು ಹೋಗಲೇಬಾರದು ಎಂದು ಇಡುವ ಗೇಟೂ ಲೋಕದಲ್ಲಿ ಇರುತ್ತದೆಂದು ನನಗೆ ಹೊಳೆಯಲಿಲ್ಲ. ದೊಡ್ಡ ದೊಡ್ಡ ದೇಶಗಳಲ್ಲಿ ಹಾಗೇ ಇರುತ್ತದೆ ಎಂದು ಆಮೇಲೆ ತಿಳಿಸಿದಿರಿ. ಆ ದೇಶಗಳಲ್ಲಿ ಅಕ್ಕಂದಿರನ್ನು ಎದುರು ಊರಿಗೆ ಕೊಡುವುದಿಲ್ಲವೇನೋ.

ಮೊನ್ನೆ ಫೆಬ್ರವರಿಯಲ್ಲಿ, ಉದ್ಘಾಟನೆಗೆ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ತಾವೇ ನಮಗೂ ಕಲ್ಯಾಣದುರ್ಗಕ್ಕೂ ಒಂದು ಪಂದ್ಯ ಇಟ್ಟಿರಿ. ಭಾನುವಾರ ಮಧ್ಯಾಹ್ನ, ಎರಡು ಸಾವಿರ ಜನ. ಅರ್ಧ ಆಟ ಮುಗಿದು ರೆಫರಿ ಸೀಟಿ ಊದಿದರು. ಎರಡು ಕಡೆಯವರೂ ಎದ್ದರು. ಮೈಕಿನಲ್ಲಿ ಯಾರೋ 'ದಯಚೇಸಿ ಕೂರ್ಚೋಂಡಿ', ದಯವಿಟ್ಟು ಕೂತುಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು, ಯಾರ ಕಿವಿಗೂ ಅದು ಬೀಳಲಿಲ್ಲ. ಎಲ್ಲರೂ ಮೆಟ್ಟಿಲಿಳಿದು, ಆಚೆ ಗೋಲಿನ ಕಡೆ ಹೋಗಲು ಇದ್ದ ಒಂದೇ ದಾರಿಯಾದ ಆ ಓಣಿಗೆ ನುಗ್ಗಿದೆವು. ಅಲ್ಲೊಂದು ಗೇಟಿದೆ ಎಂದು ಗೊತ್ತಿದ್ದವನು ಅಷ್ಟು ಜನರಲ್ಲಿ ನಾನೊಬ್ಬನೇ. ಅವರೆಲ್ಲರಿಗಿಂತ ಮೊದಲು ಎದ್ದವನೂ ನಾನೇ, ರವಿಕೆ ತುಂಡು ಜೇಬಿನಲ್ಲಿತ್ತು.

ಹತ್ತಡಿ ಅಗಲದ ಓಣಿ, ಮೇಲೆ ಗ್ಯಾಲರಿಯ ಇಳಿಜಾರು ಕಾಂಕ್ರೀಟು, ಕಿಟಕಿಯಿಲ್ಲ. ಗೇಟಿಗೆ ಬೀಗ. ಆ ಕಡೆಯಿಂದ ಕಲ್ಯಾಣದುರ್ಗ, ಈ ಕಡೆಯಿಂದ ಹಿಂದೂಪುರ, ನಡುವೆ ಜಾಲರಿ. ಮುಂದಿದ್ದವರು ನಿಂತೆವು. ಹಿಂದಿದ್ದವರಿಗೆ ನಾವು ನಿಂತದ್ದು ಹೇಗೆ ಗೊತ್ತಾಗಬೇಕು? ಅವರು ಬರುತ್ತಲೇ ಇದ್ದರು. ಗೇಟಿನ ಬಳಿ ನಿಂತಿದ್ದ ಕಾವಲುಗಾರ ಸುರೇಂದ್ರ ಎಂಬುವನು, 'ತಾಳಂಚೆವಿ ನಾ ದಗ್ಗರ ಲೇದಣ್ಣಾ', ಬೀಗದ ಕೈ ನನ್ನ ಹತ್ತಿರ ಇಲ್ಲಣ್ಣ ಎಂದು ಬರೀ ಎರಡು ಕೈ ತೋರಿಸಿದ. ಬೀಗದ ಕೈ ಇದ್ದ ಸೂಪರ್‌ವೈಸರು ಸೋಮಂದೇಪಲ್ಲಿಗೆ ಗೃಹಪ್ರವೇಶದ ಊಟಕ್ಕೆ ಹೋಗಿದ್ದರು. ಹಿಂದಕ್ಕೆ ಹೋಗೋಣವೆಂದರೆ ಒಂದು ಹೆಜ್ಜೆ ಇಡಲು ಜಾಗವಿಲ್ಲ. ತುದಿಯ ಬಾಗಿಲಿನಲ್ಲಿ ತಾವು ಹಾಕಿಸಿರುವ ತಿರುಗುವ ಕಂಬಿಗಳು ಒಳಕ್ಕೆ ಮಾತ್ರ ತಿರುಗುತ್ತವೆ. ಅದೂ ಪ್ಲಾನ್ ಪ್ರಕಾರವೇ ಇರಬೇಕು.

ಜಾಲರಿಯ ಆಚೆ, ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ ಅಕ್ಕ ಇದ್ದಳು. ಮೊದಮೊದಲು ನಗುತ್ತಲೇ, 'ಇದೇನ್ಲಾ ಸಂಜೀವ, ನಮ್ಮನ್ನ ಕೋಳಿ ಕೂಡ್ದಂಗೆ ಕೂಡ್ಬುಟ್ಟವ್ರೆ' ಎಂದಳು. ಹಿಂದಿನ ನೂಕಿಗೆ ಅವಳ ಕೆನ್ನೆ ಜಾಲರಿಗೆ ಒತ್ತಿಕೊಂಡಿತು. ಮಾತು ನಿಂತುಹೋಯಿತು. ಭಾವ ಅವಳ ಬೆನ್ನಿಗೆ ಅಡ್ಡ ನಿಂತು, ಎರಡು ಕೈಯನ್ನೂ ಗೇಟಿಗೆ ಊರಿ, ಇಡೀ ಕಲ್ಯಾಣದುರ್ಗವನ್ನು ಬೆನ್ನಿನಲ್ಲಿ ತಡೆಯುತ್ತಿದ್ದರು. ಅರವತ್ತಾರು ವರ್ಷದ ಮನುಷ್ಯ. ಅವರು ನನ್ನ ಕಣ್ಣು ನೋಡಿ ಮಾತಾಡಿದರು. 'ಸಂಜೀವಪ್ಪ, ನಿಮ್ಮಕ್ಕ ಉಸ್ರು ಬಿಡ್ತಿಲ್ಲ ಕಣಪ್ಪ. ಏನಾರ ಮಾಡು.' ಇಪ್ಪತ್ತಾರು ವರ್ಷದ ನಂತರ ನನ್ನ ಭಾವ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಏನು ಮಾಡಬಹುದಿತ್ತು, ತಾವೇ ಹೇಳಿ. ಯಾರೋ ಕೊಟ್ಟ ಬಾಟಲಿಯ ನೀರಿನಲ್ಲಿ ರವಿಕೆ ತುಂಡು ನೆನೆಸಿ, ಜಾಲರಿಯ ಕಿಂಡಿಯಲ್ಲಿ ಬೆರಳಿನಿಂದ ತುರುಕಿದೆ. ಭಾವ ಅದನ್ನು ಹಲ್ಲಿನಿಂದ ಕಚ್ಚಿ ಎಳೆದುಕೊಂಡು ಅವಳ ಮುಖದ ಮೇಲೆ ಬೀಳಿಸಿದರು. ಅವರಿಗೆ ಕೈ ತೆಗೆಯುವಂತಿರಲಿಲ್ಲ.

ಅಷ್ಟರಲ್ಲಿ ಮೇಲೆ ಆಟ ಮತ್ತೆ ಶುರುವಾಗಿತ್ತು. ಎರಡು ತಂಡದವರೂ ಖಾಲಿ ನೀಲಿ ಕುರ್ಚಿಗಳ ಮುಂದೆ ಆಡುತ್ತಿದ್ದರಂತೆ. ಒಂದು ಗೋಲಾಯಿತೆಂದು ಸೀಟಿ ಕೇಳಿಸಿತು. ಯಾರು ಹೊಡೆದರೆಂದು ಆ ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಫುಟ್‌ಬಾಲ್ ನೋಡಲು ಬಂದ ಎರಡು ಸಾವಿರ ಜನ ಗೋಲು ಯಾರದ್ದೆಂದು ಕೇಳಲಿಲ್ಲ, ಮಾನ್ಯರೇ. ಮೂವತ್ತೈದು ನಿಮಿಷ ಆದ ಮೇಲೆ ಬೀಗದ ಕೈ ಬಂತು.

ಅಕ್ಕ ಬದುಕಿದ್ದಾಳೆ. ಬಲಗೈ ಮಣಿಕಟ್ಟು ಮುರಿದಿದೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಕೆನ್ನೆಯ ಮೇಲೆ ಜಾಲರಿಯ ಅಚ್ಚು ವಾರದವರೆಗೂ ಇತ್ತು. ಇದಕ್ಕೆ ತಮ್ಮ ಕಚೇರಿಯಿಂದ ಬಂದ ವಿವರಣೆಯನ್ನು ಓದಿದ್ದೇನೆ. 'ಪ್ರೇಕ್ಷಕರು ನಿಗದಿತ ಆಸನಗಳನ್ನು ತೊರೆದು ಅನಧಿಕೃತವಾಗಿ ಸಂಚರಿಸಿದ್ದೇ ಘಟನೆಗೆ ಕಾರಣ. ವಿನ್ಯಾಸಕ್ಕೆ ಅಭಿಮಾನಿಗಳ ಸಂಘದ ಕಾರ್ಯದರ್ಶಿಗಳೇ ಸಮ್ಮತಿಸಿ ಸಹಿ ಮಾಡಿರುತ್ತಾರೆ.' ಓಣಿಯಲ್ಲಿ ಸಿಕ್ಕಿಕೊಂಡಾಗ ಹಿಂದೆ ಜನ, ಮುಂದೆ ಗೇಟು. ಈಗ ಹಿಂದೆ ನನ್ನ ಸಹಿ, ಮುಂದೆ ತಮ್ಮ ಪ್ಲಾನು. ಬೀದಿಯಲ್ಲಿ ಯಾರಾದರೂ ಅಕ್ಕ ಹೇಗಿದ್ದಾಳೆ ಎಂದು ಕೇಳಿದರೆ ನನಗೆ ಮುಖ ಎತ್ತಲು ಆಗುವುದಿಲ್ಲ. ಕುರ್ಚಿಯ ಬಣ್ಣಕ್ಕೆ ಹಾಕಿದ ಗುರುತಿನಲ್ಲಿ ಅಕ್ಕನ ಕೈಮೂಳೆ ಮುರಿಯಲಿಕ್ಕೂ ಒಪ್ಪಿಗೆ ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ಬರುವ ಇಪ್ಪತ್ತೆರಡಕ್ಕೆ ಉದ್ಘಾಟನೆ. ಎಂಟು ಸಾವಿರ ಜನ ಬರುತ್ತಾರೆಂದು ತಾವೇ ಹೇಳಿದ್ದೀರಿ. ಆಸನ ಬಿಡಬಾರದೆಂದು ಬೋರ್ಡು ಬರೆಸಿದ್ದೀರಿ, ಗೇಟಿಗೆ ಇನ್ನಷ್ಟು ದಪ್ಪ ಕಂಬಿ ಹಾಕಿಸಿದ್ದೀರಿ ಎಂದೂ ಕೇಳಿದೆ. ಬೋರ್ಡು ಓದಿ ಎಲ್ಲರೂ ಹೌದು ಹೌದು ಎನ್ನುತ್ತಾರೆ. ಆಮೇಲೆ ಸೀಟಿ ಊದುತ್ತಾರೆ. ಊದಿದ ಮೇಲೆ ಏನಾಗುತ್ತದೆಂದು ತಮಗೂ ಗೊತ್ತು, ನನಗೂ ಗೊತ್ತು. ಎದ್ದದ್ದು ನಮ್ಮ ತಪ್ಪು ಎನ್ನುವುದಾದರೆ ಆಗಲಿ, ಒಪ್ಪಿದೆ. ಆ ತಪ್ಪು ನಾವು ಮತ್ತೆ ಮಾಡಿಯೇ ತೀರುತ್ತೇವೆ. ಅದಕ್ಕೆ ಸಾಯುವ ಶಿಕ್ಷೆ ಏಕೆ? ಬೀಗದ ಕೈ ಇನ್ನೊಂದು ಮಾಡಿಸುತ್ತೇವೆ ಎನ್ನಬೇಡಿ. ಕಾವಲಿಗೆ ಇಬ್ಬರನ್ನು ಹಾಕುತ್ತೇವೆ ಎನ್ನಬೇಡಿ. ಇಪ್ಪತ್ತೆರಡರ ಒಳಗೆ ಆ ಗೇಟು ಬುಡಸಮೇತ ಹೋಗಬೇಕು, ತಿರುಗುವ ಕಂಬಿಗಳು ಹೊರಕ್ಕೂ ತಿರುಗಬೇಕು. ನನ್ನ ಸಹಿಯನ್ನು ಈ ಪತ್ರದ ಮೂಲಕ ವಾಪಸು ಪಡೆದಿದ್ದೇನೆ. ಗೇಟು ಹೋಗದಿದ್ದರೆ, ಅರ್ಧ ಆಟಕ್ಕೆ ಸೀಟಿ ಊದುವ ಐದು ನಿಮಿಷ ಮೊದಲು ತಾವು ಕೂತು ಆಟ ನೋಡುವ ಮೇಲಿನ ಗಾಜಿನ ಕೋಣೆಯಿಂದ ಇಳಿದುಬಂದು, ಗೇಟಿನ ಪಕ್ಕ ನಮ್ಮ ಜೊತೆಗೆ ನಿಂತುಕೊಳ್ಳಿ. ತಮ್ಮ ಮನೆಯವರನ್ನೂ ಕರೆತನ್ನಿ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಈ ಸಲ ಬರಬೇಡ ಎನ್ನೋಣ ಎಂದುಕೊಂಡೇ ಎತ್ತಿದೆ. ಅವಳು ಮಾತಿಗೆ ಅವಕಾಶವನ್ನೇ ಕೊಡಲಿಲ್ಲ. 'ನಾನೂ ನಿಮ್ ಭಾವನೂ ಬತ್ತೀವಿ ಕಣಪ್ಪ. ಈ ಕಿತ ಅವ್ರು ಕೆರೆ ನೋಡ್ಕಂಡು ನಿಲ್ಲಲ್ವಂತೆ, ನಿನ್ ಹತ್ರ ಮಾತಾಡ್ಬೇಕಂತೆ. ಮಧ್ಯಕ್ಕೆ ಬಂದಿರು. ಗೇಟು ತೆಗ್ಸಿರ್ತೀಯ ತಾನೇ?' ಎಂದಳು.

ನಾನು ಹೂಂ ಎಂದುಬಿಟ್ಟಿದ್ದೇನೆ.

ಇಂತಿ,
ನೀಲಿ ಬಣ್ಣಕ್ಕೆ ಗುರುತು ಹಾಕಿ ಸಿಕ್ಕಿಬಿದ್ದ
ಸಂಜೀವಪ್ಪ
ಕದಿರಮ್ಮನ ತಮ್ಮ, ಹಿಂದೂಪುರ