ಬೆಳ್ಳಗಾದ ಟ್ಯೂಬುಗಳು

ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ನಗಬೇಡ. ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಕೆಲಸ ಕಲಿಸಿದ ನೀನು ಈಗ ಎಲ್ಲಿದ್ದೀಯೋ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಮ್ಮ ಕಾರ್ಖಾನೆಯಲ್ಲಿ ರೇಡಿಯೊ ಟ್ಯೂಬು ಮಾಡುವುದು ನಿನ್ನೆಗೆ ನಿಂತಿತು. “ಇನ್ಮೇಲೆ ಟ್ರಾನ್ಸಿಸ್ಟರು. ನಿಮ್ಮ ಹೆಬ್ಬೆರಳ ಗಾತ್ರದ ಟ್ಯೂಬು ಅದರ ಮುಂದೆ ಕುಂಬಳಕಾಯಿ!” ಎಂದು ಮೇಸ್ತ್ರಿ ನಕ್ಕರು. ಎಲ್ಲರೂ ಹೋದ ಮೇಲೆ ಧೈರ್ಯ ಮಾಡಿ ಹೇಳಿದೆ: “ಅವತ್ತು ಟ್ಯೂಬುಗಳ ಬುಡದ ಸೊಟ್ಟ ತಂತಿಕಡ್ಡಿಗಳನ್ನ ಒತ್ತಿ ಒತ್ತಿ ನೆಟ್ಟಗೆ ಮಾಡಿ ಗಾಜು ಬಿರುಕು ಬಿಡಿಸಿದ್ದು ನಾನು, ಅಕ್ಕ ಅಲ್ಲ.” ಗಾಳಿಯೇ ಇರಬಾರದ ಗಾಜಿನೊಳಗೆ ಗಾಳಿ ಹೊಕ್ಕು, ಬೆಳಗಾಗುವಷ್ಟರಲ್ಲಿ ಇಡೀ ತಟ್ಟೆಯ ಟ್ಯೂಬುಗಳ ತಲೆಯೊಳಗಿನ ಬೆಳ್ಳಿಹೊಳಪು ಹಾಲಿನಂತೆ ಬೆಳ್ಳಗಾಗಿತ್ತಲ್ಲ, ಅದು.

“ಗೊತ್ತು ಕಣಮ್ಮ,” ಎಂದರು. “‘ಆ ಮಗೂನ ತೆಗೀಬೇಡಿ, ನನ್ನ ಹೆಸರು ಬರ್ಕೊಳ್ಳಿ’ ಅಂತ ಅವಳೇ ಹೇಳಿದ್ಲು.”

ಕೆಲಸದಿಂದ ತೆಗೆದ ದಿನ ಹೋಗುವಾಗ ನೀನು ನನ್ನ ತಲೆ ಸವರಿ, “ಕೈ ಹಗುರ ಇರ್ಲಿ ಕಣೆ,” ಅಂದೆ. ನಾನು ಮೇಜಿನಿಂದ ಕಣ್ಣೆತ್ತಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಹುಡುಗಿ ಟ್ರಾನ್ಸಿಸ್ಟರಿನ ತಂತಿಕಾಲೊಂದನ್ನು ಮುರಿದು, ಅದನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಮೇಸ್ತ್ರಿಯವರ ಹತ್ತಿರ ಅವಳ ಜೊತೆಗೇ ಹೋಗಿ, ಅವಳು ಹೇಳಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ.