ವಾಸಕ್ಕೆ ಇನ್ನೊಂದು ಅರ್ಥ

ಅಪ್ಪ,

ಇವತ್ತು ಶಾಲೆಯಲ್ಲಿ ಪಾಠ ಮಾಡುವಾಗ ‘ಡ್ವೆಲ್’ ಅನ್ನೋ ಇಂಗ್ಲಿಷ್ ಪದ ಬಂತು. ವಾಸಿಸು ಅಂತ ಮಕ್ಕಳಿಗೆ ಹೇಳಿದೆ. ಆಮೇಲೆ ದೊಡ್ಡ ನಿಘಂಟು ನೋಡಿದರೆ, ಸಾವಿರ ವರ್ಷದ ಹಿಂದೆ ಅದಕ್ಕೆ ದಾರಿ ತಪ್ಪಿಸು, ಮೋಸ ಮಾಡು ಅನ್ನೋ ಅರ್ಥವಿತ್ತಂತೆ. ಬರಬರುತ್ತಾ ಅದು ತಡಮಾಡು ಅಂತಾಯಿತು, ಆಮೇಲೆ ಉಳಿದುಕೋ, ಕೊನೆಗೆ ವಾಸಿಸು.

ಓದುತ್ತಾ ಮೈಯೆಲ್ಲ ಉರಿಯಿತು. ಕಾಫಿ ಎಸ್ಟೇಟಿನ ಕೂಲಿ ಲೈನಿನ ಒಂದೇ ಕೋಣೆಯಲ್ಲಿ ನೀನು ನಮ್ಮನ್ನು ಇಟ್ಟಿದ್ದೂ ಹೀಗೇ ಅಲ್ಲವಾ? ಸರ್ಕಾರದ ಸೈಟ್ ಬಂದಾಗ, “ಬೇಡ, ಧಣಿಗಳು ಈ ಮನೇನೇ ನಮ್ಮ ಹೆಸರಿಗೆ ಮಾಡಿಕೊಡ್ತಾರೆ” ಅಂದೆ. ಅವ್ವ ನಂಬಿದಳು. ನೀನು ಸತ್ತು ವರ್ಷ ತುಂಬಿಲ್ಲ, ಹೋದ ವಾರ ಮ್ಯಾನೇಜರ್ ಅವಳ ಪಾತ್ರೆ, ಹಾಸಿಗೆ ಎಲ್ಲ ಅಂಗಳಕ್ಕೆ ಹಾಕಿಸಿದ. ಈಗ ಮೂರ್ನಾಡಿನ ನನ್ನ ಬಾಡಿಗೆ ಕೋಣೆಯಲ್ಲಿದ್ದಾಳೆ.

ಸಂಜೆ ಅವಳಿಗೆ ಆ ಪದದ ಕಥೆ ಹೇಳಿ, ನಿನ್ನನ್ನು ಬಾಯಿಗೆ ಬಂದಂತೆ ಬೈದೆ.

“ಅವರೂ ಧಣಿಗಳ ಮಾತು ನಂಬಿಕೊಂಡೇ ಸತ್ತರು ಕಣೆ,” ಅಂದಳು.

ನನಗೆ ಇನ್ನೂ ಸಿಟ್ಟು ಬಂತು. ನಿನಗೆ ಸಹಿ ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ; ಮನೆಯಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಸೈಟ್ ಬೇಡವೆಂಬ ಆ ಅರ್ಜಿಯನ್ನು ದುಂಡಗೆ ಬರೆದುಕೊಟ್ಟವರು ಯಾರು ಅಂತ ಅವ್ವ ಇವತ್ತೂ ಕೇಳಲಿಲ್ಲ.

ಚಿನ್ನಿ